ಶನಿವಾರ ರಾತ್ರಿಯ ಸರ್ವರ್, ಸೋಮವಾರ ಬೆಳಗಿನ ಜನ

ಹಳೇ ಸರ್ವರ್‌ನಿಂದ ಹೊಸ ಸರ್ವರ್‌ಗೆ ಹೋಗೋದು ಅಂದರೆ ಶನಿವಾರ ರಾತ್ರಿ ಹತ್ತಕ್ಕೆ ಶುರು ಮಾಡಿ ಭಾನುವಾರ ಬೆಳಿಗ್ಗೆ ಇಡ್ಲಿ ತಿನ್ನೋ ಹೊತ್ತಿಗೆ ಮುಗಿಸೋ ಕೆಲಸ ಅಂತ ನಮ್ಮ ಇಂಡಸ್ಟ್ರಿಗೆ ಯಾರು ಹೇಳಿಕೊಟ್ಟರೋ, ಅವರಿಗೊಂದು ದೊಡ್ಡ ನಮಸ್ಕಾರ. ಈ ಹನ್ನೆರಡು ವರ್ಷದಲ್ಲಿ ನಾನು ನೋಡಿದ ಮೈಗ್ರೇಶನ್ ಪ್ಲಾನ್‌ಗಳಲ್ಲಿ ಬಹುಪಾಲು ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗಿದ್ದವು. ಎಕ್ಸೆಲ್ ಶೀಟಿನಲ್ಲಿ ಇಪ್ಪತ್ತು ಇಪ್ಪತ್ತೈದು ಸಾಲು, ಪ್ರತಿ ಸಾಲಿನ ಎದುರು ಇಷ್ಟು ನಿಮಿಷ ಅಂತ ಲೆಕ್ಕ, ಕೊನೆಯ ಸಾಲು ಹಸಿರು ಬಣ್ಣದಲ್ಲಿ 'ಗೋ ಲೈವ್'. ಭಾನುವಾರ ಬೆಳಿಗ್ಗೆ ಮ್ಯಾನೇಜರ್ ಎಲ್ಲರಿಗೂ ಮೇಲ್ ಹಾಕುತ್ತಾರೆ, ಮೈಗ್ರೇಶನ್ ಸಕ್ಸಸ್‌ಫುಲ್, ಟೀಮಿಗೆ ಅಭಿನಂದನೆ. ಯಾರೂ ಕೆಲಸ ಮಾಡದ ದಿನ, ಯಾರೂ ಮುಟ್ಟದ ಸರ್ವರ್ ಚೆನ್ನಾಗಿ ಓಡ್ತಿದೆ ಅಂತ ಸರ್ಟಿಫಿಕೇಟ್! ಮದುವೆ ಮಂಟಪದಲ್ಲಿ ಜನ ಬರೋದಕ್ಕೆ ಮುಂಚೆ ಅಡುಗೆ ಸಾಕಾಯ್ತು ಅಂದ ಹಾಗೆ.

ನನ್ನ ತಕರಾರು ನೇರವಾಗಿ ಹೇಳಿಬಿಡ್ತೀನಿ. ಮೈಗ್ರೇಶನ್‌ನಲ್ಲಿ ಫೈಲ್ ಸಾಗಿಸೋದು, ಕಾನ್ಫಿಗ್ ಬರೆಯೋದು ಇವೆಲ್ಲ ಸಣ್ಣ ಕೆಲಸ. ಆ ಹಳೇ ಡಬ್ಬಾವನ್ನ ನಂಬಿಕೊಂಡು ಯಾರ್ಯಾರು ಬದುಕ್ತಿದ್ದಾರೆ ಅಂತ ಹುಡುಕೋದೇ ದೊಡ್ಡ ಕೆಲಸ. ಆ ಹುಡುಕಾಟಕ್ಕೆ ಯಾವ ಎಸ್ಟಿಮೇಟ್‌ನಲ್ಲೂ ಒಂದು ದಿನದ ಜಾಗ ಇರಲ್ಲ. ಅಷ್ಟೇ ಅಲ್ಲ, ಯಾರಿಗೆ ಅದೆಲ್ಲ ಗೊತ್ತಿದೆಯೋ ಅವರನ್ನ ಮೊದಲು ಮನೆಗೆ ಕಳಿಸಿ ಆಮೇಲೆ ಮೈಗ್ರೇಶನ್ ಶುರು ಮಾಡ್ತೀವಿ. ಇದನ್ನ ಅಚಾತುರ್ಯ ಅಂತ ಕರೆಯೋಕೆ ನಾನು ತಯಾರಿಲ್ಲ. ಇದು ಲೆಕ್ಕ ಹಾಕಿ ಮಾಡ್ತಿರೋ ಉಳಿತಾಯ. ಉಳಿದ ದುಡ್ಡು ಒಬ್ಬರ ಜೇಬಿಗೆ, ನಷ್ಟ ಇನ್ನೊಬ್ಬರ ಜೇಬಿಂದ.

ಪೀಣ್ಯದ ಆಚೆ ಒಂದು ಫ್ಯಾಕ್ಟರಿ. ಹೆಸರು ಬೇಡ. ಸ್ಟೋರ್ ರೂಮಿನ ಮೂಲೆಯಲ್ಲಿ, ಹಳೇ ಫ್ಯಾನ್ ಬೆಲ್ಟುಗಳ ಪಕ್ಕ ಒಂದು ಸರ್ವರ್ ಇತ್ತು, ಸೆಂಟ್‌ಒಎಸ್ 6 ಓಡ್ತಿತ್ತು. ಇಡೀ ಫ್ಯಾಕ್ಟರಿಗೆ ಡಿಎನ್‌ಎಸ್ ಅದೇ, ಡಿಎಚ್‌ಸಿಪಿ ಅದೇ, ಸಾಂಬಾ ಫೈಲ್ ಶೇರ್ ಅದೇ, ಟೈಮ್ ಕೊಡೋದೂ ಅದೇ. ಅದನ್ನ ನೋಡ್ಕೊಳ್ತಿದ್ದವರು ಡಿಪ್ಲೊಮಾ ಓದಿದ ಹಿರಿಯರೊಬ್ಬರು. ಹೊಸ ವೆಂಡರ್ ಜೊತೆ ಎಎಂಸಿ ಆಯ್ತು, ಇನ್ನು ಇವರ ಸಂಬಳ ಯಾಕೆ ಅಂತ ಮೈಗ್ರೇಶನ್‌ಗೆ ಮೂರು ವಾರ ಮುಂಚೆ ಅವರನ್ನ ಕಳಿಸಿಬಿಟ್ಟರು. ಹೊಸ ಸರ್ವರ್ ಬಂತು, ಹೊಸ ಐಪಿ ಬಂತು, ಶನಿವಾರ ರಾತ್ರಿ ಕೆಲಸ ಆಯ್ತು, ಭಾನುವಾರ ಮೇಲ್ ಬಂತು. ಸೋಮವಾರ ಆಫೀಸಿನ ಕಂಪ್ಯೂಟರುಗಳೆಲ್ಲ ಸುಮಾರಾಗಿ ಕೆಲಸ ಮಾಡಿದವು. ಪ್ರಿಂಟರ್ ಒಂದೆರಡು ಮುನಿಸಿಕೊಂಡಿದ್ದವು, ಸರಿ ಮಾಡಿದರು.

ಹಿಂದಿನ ಗೇಟಿನಲ್ಲಿ ಕಾಂಟ್ರ್ಯಾಕ್ಟ್ ಕೆಲಸಗಾರರು ಹೆಬ್ಬೆಟ್ಟು ಒತ್ತೋ ಮೆಶಿನ್ ಒಂದಿತ್ತು. ಅದರೊಳಗೆ ಯಾವ ಕಾಲದಲ್ಲೋ ಹಳೇ ಸರ್ವರ್‌ನ ಐಪಿ ನಂಬರ್ ನೇರವಾಗಿ ಬರೆದಿದ್ದರು, ಹೆಸರಲ್ಲ. ಸೋಮವಾರದಿಂದ ಅದು ಗೋಡೆಗೆ ವರದಿ ಒಪ್ಪಿಸ್ತಾ ಕೂತಿತ್ತು. ಹೆಬ್ಬೆಟ್ಟು ಇಟ್ಟರೆ ಹಸಿರು ದೀಪ ಹತ್ತುತ್ತೆ, 'ಥ್ಯಾಂಕ್ ಯೂ' ಅನ್ನುತ್ತೆ, ಯಾರಿಗೆ ಅನುಮಾನ ಬರುತ್ತೆ ಹೇಳಿ? ತಿಂಗಳ ಕೊನೆಗೆ ಪೇರೋಲ್ ಲಿಸ್ಟ್ ತೆಗೆದಾಗ ಅಷ್ಟೂ ಜನ ಒಂಬತ್ತು ದಿನ ಆಬ್ಸೆಂಟ್. ಕಾಂಟ್ರ್ಯಾಕ್ಟರ್ ಲಿಸ್ಟ್ ನೋಡಿ ದುಡ್ಡು ಕೊಟ್ಟ, ಅವನ ಪ್ರಕಾರ ಅವನದು ತಪ್ಪಿಲ್ಲ. ಎಚ್‌ಆರ್‌ನವರು ಸಿಸ್ಟಂ ಹಾಗೆ ಹೇಳುತ್ತೆ ಅಂದರು, ಅವರದೂ ತಪ್ಪಿಲ್ಲ. ನಮ್ಮ ಟೀಮನ್ನ ಕರೆದದ್ದು ಇದಾದ ಮೇಲೆ, ಜಗಳ ಗೇಟಿಗೆ ಬಂದಾಗ. ಲಾಗ್ ಎಲ್ಲಾ ಮೆಶಿನ್‌ನ ಮೆಮೊರಿಯಲ್ಲೇ ಭದ್ರವಾಗಿತ್ತು, ಅರ್ಧ ಗಂಟೆಯಲ್ಲಿ ಹೊರಗೆ ಬಂತು. ದುಡ್ಡು ಮಾತ್ರ ಮುಂದಿನ ತಿಂಗಳು ಸೇರಿಸ್ತೀವಿ ಅಂದರು. ಒಂಬತ್ತು ದಿನದ ಕೂಲಿ ಒಂದು ತಿಂಗಳು ತಡ ಅಂದರೆ ರೂಮಿನ ಬಾಡಿಗೆ, ಊರಿಗೆ ಕಳಿಸೋ ದುಡ್ಡು, ಮಗುವಿನ ಸ್ಕೂಲ್ ಫೀಸು. ಕ್ಲೋಸರ್ ರಿಪೋರ್ಟಿನಲ್ಲಿ ಇದಕ್ಕೆ ಸಿಕ್ಕ ಹೆಸರು 'ಮೈನರ್ ಇಶ್ಯೂ'.

ಮನೆಗೆ ಹೋದ ಆ ಹಿರಿಯರಿಗೆ ಫೋನ್ ಮಾಡಿದ್ದೆ. 'ಗೇಟ್ ಮೆಶಿನ್ ಬಿಟ್ಟುಬಿಟ್ರಾ ಸಾರ್? ಅದಕ್ಕೆ ಹೆಸರು ಹೇಳಿದ್ರೆ ಅರ್ಥ ಆಗಲ್ಲ, ನಂಬರ್ರೇ ಬೇಕು. ವೇಬ್ರಿಡ್ಜ್ ಕಂಪ್ಯೂಟರ್ರೂ ಹಂಗೇ, ನೋಡ್ಕೊಂಡ್ಬಿಡಿ' ಅಂದರು. ಎರಡು ನಿಮಿಷದ ಮಾತು. ಮೂರು ವಾರ ಮುಂಚೆ ಯಾರಾದರೂ ಒಂದು ಕಾಫಿ ಕುಡಿಸಿ ಕೇಳಿದ್ದರೆ ಅಲ್ಲೇ ಮುಗೀತಿತ್ತು.

ನಮ್ಮ ತುಮಕೂರು ಕಡೆ ಕೆರೆಗಳಿಗೆ ನೀರಗಂಟಿ ಅಂತ ಒಬ್ಬರು ಇರ್ತಿದ್ದರು. ತೂಬು ಎತ್ತೋದು, ಇಳಿಸೋದು, ಸರದಿ ಪ್ರಕಾರ ಗದ್ದೆಗಳಿಗೆ ನೀರು ಬಿಡೋದು ಅವರ ಕೆಲಸ. ಯಾವ ಬದು ಹರಿದಿದೆ, ಕಾಲುವೆಯ ಕೊನೆಯಲ್ಲಿ ಯಾರ ಹತ್ತು ಗುಂಟೆ ಇದೆ, ಅದಕ್ಕೆ ನೀರು ಮುಟ್ಟಬೇಕಾದರೆ ಮೇಲಿನವರ ಮಡೆ ಎಷ್ಟು ಹೊತ್ತು ಕಟ್ಟಬೇಕು, ಇದೆಲ್ಲ ಅವರ ತಲೆಯಲ್ಲಿ. ಸುಗ್ಗಿಯಲ್ಲಿ ಕಣಕ್ಕೆ ಬಂದರೆ ಮೊರದಲ್ಲಿ ರಾಗಿಯೋ ಭತ್ತವೋ ಕೊಡೋರು, ಅದೇ ಸಂಬಳ. ಅವರನ್ನ ಕೇಳದೆ ಗುತ್ತಿಗೆದಾರ ತೂಬು ಹೊಸದಾಗಿ ಕಟ್ಟಿದರೆ ಏನಾಗುತ್ತೆ? ತೂಬೇನೋ ಸಿಮೆಂಟಿನದು, ಬಲು ಚೆಂದ, ಬಿಲ್ಲೂ ಪಾಸಾಗುತ್ತೆ. ಕೊನೆಯ ಹತ್ತು ಗುಂಟೆಗೆ ನೀರು ಹೋಗಲ್ಲ, ಅಷ್ಟೇ. ನಮ್ಮ ಕಂಪನಿಗಳ ಸಿಸ್ಟಂ ಅಡ್ಮಿನ್‌ಗಳು ನೀರಗಂಟಿಗಳು ಕಣ್ರೀ. ಅವರ ಸಂಬಳವೂ ಹೆಚ್ಚುಕಮ್ಮಿ ಮೊರದ ಲೆಕ್ಕದಲ್ಲೇ ಇದೆ ಅನ್ನೋದು ಬೇರೆ ಮಾತು.

'ತಲೆಯಲ್ಲಿ ಇಟ್ಟುಕೊಂಡಿದ್ದೇ ತಪ್ಪು, ಬರೆದಿಡಬೇಕಿತ್ತು' ಅಂತ ಪ್ರಾಸೆಸ್ ಗೊತ್ತಿರೋ ಬುದ್ಧಿವಂತರು ಹೇಳ್ತಾರೆ. ಒಪ್ಪಿದೆ. ಆದರೆ ಬರೆಯೋಕೆ ಟೈಮ್ ಕೊಟ್ಟವರು ಯಾರು? ಪ್ರಿಂಟರ್ ಪೇಪರ್ ಸಿಕ್ಕಿಹಾಕಿಕೊಂಡರೂ ಅವರನ್ನೇ ಕರೆದು, ಎಂಡಿ ಮಗನ ಲ್ಯಾಪ್‌ಟಾಪ್ ಸ್ಲೋ ಆದರೂ ಅವರನ್ನೇ ಕರೆದು, ಹೋಗೋ ದಿನ ಮಧ್ಯಾಹ್ನ 'ಒಂದು ಕೆಟಿ ಕೊಟ್ಟುಬಿಡಿ' ಅಂದರೆ ಯಾವ ಡಾಕ್ಯುಮೆಂಟ್ ಬರುತ್ತೆ? ಇಷ್ಟಾಗಿ ಡಾಕ್ಯುಮೆಂಟ್ ಇಲ್ಲದಿದ್ದರೂ ದಾರಿ ಇದೆ. ಹಳೇ ಸರ್ವರ್ ತನ್ನ ಕಥೆಯನ್ನ ತಾನೇ ಹೇಳುತ್ತೆ, ಕಿವಿ ಕೊಟ್ಟು ಕೇಳಬೇಕು. ಟಿಸಿಪಿಡಂಪ್ ಹಾಕಿ, ಬೈಂಡ್‌ನ ಕ್ವೆರಿ ಲಾಗ್ ಆನ್ ಮಾಡಿ, ಯಾವ ಐಪಿಯಿಂದ ಯಾರು ಯಾವ ಪೋರ್ಟ್ ತಟ್ತಿದ್ದಾರೆ ಅಂತ ಬರೆದುಕೊಳ್ಳಿ. ಒಂದು ದಿನ ಸಾಲದು. ಪೂರ್ತಿ ಒಂದು ತಿಂಗಳು. ಯಾಕಂದರೆ ದಿನಕ್ಕೊಮ್ಮೆ ಬರೋರು ಸುಲಭವಾಗಿ ಕಾಣ್ತಾರೆ, ತಿಂಗಳಿಗೊಮ್ಮೆ ಬರೋ ಪೇರೋಲ್, ತಿಂಗಳ ಜಿಎಸ್‌ಟಿ ರಿಪೋರ್ಟ್, ರಾತ್ರಿ ಎರಡಕ್ಕೆ ಎದ್ದು ಓಡೋ ಯಾವುದೋ ಕ್ರಾನ್ ಜಾಬ್, ಇವೆಲ್ಲ ತಿಂಗಳು ಕಾದವರಿಗೆ ಮಾತ್ರ ಸಿಗ್ತವೆ. ಆ ಗೇಟ್ ಮೆಶಿನ್ ದಿನವೂ ಹಳೇ ಸರ್ವರ್‌ನ ಬಾಗಿಲು ತಟ್ತಾನೇ ಇತ್ತು. ಅದಕ್ಕೆ ತಿಂಗಳೂ ಬೇಡವಾಗಿತ್ತು, ಒಂದು ಬೆಳಗ್ಗೆ ಸಾಕಿತ್ತು.

ಈ ಕೆಲಸದಲ್ಲಿ ಯಾವುದೂ ರಹಸ್ಯ ವಿದ್ಯೆ ಅಲ್ಲ. ಡಿಎನ್‌ಎಸ್ ತಗೊಳ್ಳಿ. ಒಂದು ಹೆಸರಿನ ಟಿಟಿಎಲ್ 86400 ಸೆಕೆಂಡ್ ಇದ್ದರೆ ಅದನ್ನ ಒಮ್ಮೆ ಕೇಳಿಕೊಂಡು ಹೋದವರು ಇಡೀ ಒಂದು ದಿನ ಹಳೇ ವಿಳಾಸವನ್ನೇ ನಂಬಿರ್ತಾರೆ. ಎರಡು ದಿನ ಮುಂಚೆ ಅದನ್ನ 300ಕ್ಕೆ ಇಳಿಸಿದರೆ ಬದಲಾದ ಐದು ನಿಮಿಷಕ್ಕೆ ಬಹುತೇಕ ಎಲ್ಲರೂ ಹೊಸ ಮನೆಗೆ ಬರ್ತಾರೆ. ಒಂದು ಸಾಲಿನ ಬದಲಾವಣೆ, ಖರ್ಚು ಸೊನ್ನೆ. ಆದರೆ ಎರಡು ದಿನ ಮುಂಚೆ ಮಾಡಬೇಕು, ನಮ್ಮ ಪ್ಲಾನ್ ಶುರುವಾಗೋದೇ ಶನಿವಾರ ರಾತ್ರಿ! ಹೊಸ ಸರ್ವರ್‌ನಲ್ಲಿ ಝೋನ್ ಫೈಲ್ ಮೊದಲಿಂದ ಬರೆದು ಸೀರಿಯಲ್ ನಂಬರ್ 1 ಅಂತ ಹಾಕಿ ಕೂರೋರನ್ನೂ ನೋಡಿದ್ದೀನಿ. ಸೆಕೆಂಡರಿ ಸರ್ವರ್‌ನ ಹತ್ತಿರ ಹಳೇ ದೊಡ್ಡ ನಂಬರ್ ಇರುತ್ತೆ, ನನ್ನದೇ ಹೊಸದು ಅಂತ ಅದು ಹೊಸ ಫೈಲ್ ತಗೊಳ್ಳೋದೇ ಇಲ್ಲ. ಅರ್ಧ ಆಫೀಸಿಗೆ ಹೊಸ ಉತ್ತರ, ಅರ್ಧ ಆಫೀಸಿಗೆ ಹಳೇ ಉತ್ತರ.

ಡಿಎಚ್‌ಸಿಪಿ ಕಥೆ ಬೆಂಗಳೂರಿನವರಿಗೆ ಚೆನ್ನಾಗಿ ಅರ್ಥ ಆಗುತ್ತೆ. ಹಳೇದನ್ನ ನಿಲ್ಲಿಸದೆ ಹೊಸದನ್ನ ಎಬ್ಬಿಸಿ, ಎರಡೂ ಒಂದೇ ಪೂಲ್‌ನಿಂದ ಐಪಿ ಹಂಚಿದರೆ ಒಂದೇ ಸೈಟನ್ನ ಇಬ್ಬರಿಗೆ ರಿಜಿಸ್ಟರ್ ಮಾಡಿಕೊಟ್ಟ ಹಾಗೆ. ಹಾಗಂತ ಹಳೇದನ್ನ ನಿಲ್ಲಿಸಿದ ಕೂಡಲೇ ಎಲ್ಲರೂ ಹೊಸದರ ಹತ್ತಿರ ಬರಲ್ಲ. ವಿಂಡೋಸ್ ಸರ್ವರ್‌ನಲ್ಲಿ ಲೀಸ್ ಸಾಮಾನ್ಯವಾಗಿ 8 ದಿನ, ಕ್ಲೈಂಟ್ ನವೀಕರಿಸೋಕೆ ಶುರು ಮಾಡೋದೇ ಅರ್ಧ ಅವಧಿ ಕಳೆದ ಮೇಲೆ. ಅಂದರೆ ನಾಲ್ಕು ದಿನ ಜನ ಹಳೇ ಡಿಎನ್‌ಎಸ್ ವಿಳಾಸವನ್ನೇ ಇಟ್ಟುಕೊಂಡು ಓಡಾಡ್ತಿರ್ತಾರೆ. ಲೀಸನ್ನ ಮುಂಚೆಯೇ ಚಿಕ್ಕದು ಮಾಡಬೇಕು. ಇಲ್ಲೂ ಅದೇ ಮಾತು, ಮುಂಚೆಯೇ.

ಫೈಲ್ ಕಾಪಿ ಬಿಡಿ ಅಂತೀರಾ? ಸೆಂಟ್‌ಒಎಸ್ 6ರಲ್ಲಿ ಸಾಮಾನ್ಯ ಯೂಸರ್‌ಗಳ ಯುಐಡಿ 500ರಿಂದ ಶುರು, 7ರಲ್ಲಿ 1000ದಿಂದ. ಲಿನಕ್ಸ್‌ಗೆ ಫೈಲಿನ ಒಡೆಯ ಯಾರು ಅನ್ನೋದು ನಂಬರ್ ಲೆಕ್ಕದಲ್ಲಿ. ಯೂಸರ್‌ಗಳನ್ನ ಹೊಸದಾಗಿ ಸೃಷ್ಟಿಸಿ, ಫೈಲ್‌ಗಳನ್ನ ಹಳೇ ನಂಬರ್ ಸಮೇತ ತಂದು ಸುರಿದರೆ ಅಕೌಂಟ್ಸ್‌ನವರ ಫೋಲ್ಡರ್ ಅನಾಥ ಆಗುತ್ತೆ, ನಂಬರ್ ಅಕಸ್ಮಾತ್ ಹೊಂದಿಕೊಂಡರೆ ಬೇರೆಯವರ ಪಾಲಾಗುತ್ತೆ. ಆಗ ಯಾರೋ ಒಬ್ಬ ಮಹಾಶಯ 777 ಪರ್ಮಿಶನ್ ಕೊಟ್ಟು 'ಫಿಕ್ಸ್' ಮಾಡ್ತಾನೆ. ಎಲ್ಲರ ಸಂಬಳದ ಪಟ್ಟಿ ಎಲ್ಲರಿಗೂ.

ಮೇಲ್ ವಿಷಯದಲ್ಲಿ ಇನ್ನೂ ಒಂದು ತಮಾಷೆ ಇದೆ. ಮೇಲ್ ಸರ್ವರ್ ಪೂರ್ತಿ ಸತ್ತು ಮಲಗಿದ್ದರೆ ಭಯ ಕಡಿಮೆ. ಕಳಿಸೋ ಸರ್ವರ್‌ಗಳು ಸಾಮಾನ್ಯವಾಗಿ ನಾಲ್ಕೈದು ದಿನ ಕ್ಯೂನಲ್ಲಿ ಇಟ್ಟುಕೊಂಡು ಮತ್ತೆ ಮತ್ತೆ ಬಂದು ಬಾಗಿಲು ತಟ್ತವೆ. ಅಪಾಯ ಇರೋದು ಅರ್ಧ ಎದ್ದ ಸರ್ವರ್‌ನಿಂದ. ಮೇಲ್‌ಬಾಕ್ಸ್‌ಗಳು ಇನ್ನೂ ಬಂದಿಲ್ಲ, ಸರ್ವರ್ ಮಾತ್ರ ಎದ್ದು 550, ಅಂಥ ಯೂಸರ್ ಇಲ್ಲ ಅಂದುಬಿಡುತ್ತೆ. ಅದು ಖಾಯಂ ಉತ್ತರ. ಮೇಲ್ ವಾಪಸ್ ಹೋಯ್ತು, ಮತ್ತೆ ಬರಲ್ಲ. ಟೆಂಡರ್ ಹಾಕಿದವನ ಮೇಲ್ ಇರಬಹುದು, ಕೆಲಸಕ್ಕೆ ಅರ್ಜಿ ಹಾಕಿದ ಹುಡುಗಿಯದಿರಬಹುದು. 'ಡೌನ್‌ಟೈಮ್ ಸೊನ್ನೆ' ಅಂತ ಸ್ಲೈಡ್‌ನಲ್ಲಿ ತೋರಿಸೋ ಚಪಲಕ್ಕೆ ಅರ್ಧ ಬೆಂದ ಸರ್ವರನ್ನ ಎಬ್ಬಿಸಿ ನಿಲ್ಲಿಸೋರಿಗೆ ನಾನು ಹೇಳೋದು ಇಷ್ಟೇ, ನಾಲ್ಕು ಗಂಟೆ ಮುಚ್ಚಿದೆ ಅಂತ ಬೋರ್ಡ್ ಹಾಕಿ ಸ್ವಾಮಿ. ಜನ ಕಾಯ್ತಾರೆ. ಸುಳ್ಳು ಹೇಳಿದರೆ ಮಾತ್ರ ಸಿಟ್ಟಾಗ್ತಾರೆ.

ಇದು ಸಣ್ಣ ಫ್ಯಾಕ್ಟರಿಗಳ ಬಡತನದ ಸಮಸ್ಯೆ, ದೊಡ್ಡವರು ಹೀಗೆ ಮಾಡಲ್ಲ ಅನ್ನೋರಿಗೆ ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕಿನ ಕಥೆ. 2018ರ ಏಪ್ರಿಲ್‌ನಲ್ಲಿ, ಅದೂ ಒಂದು ವಾರಾಂತ್ಯದಲ್ಲಿ, 52 ಲಕ್ಷ ಗ್ರಾಹಕರ ಲೆಕ್ಕವನ್ನ ಲಾಯ್ಡ್ಸ್ ಬ್ಯಾಂಕಿನ ಹಳೇ ವ್ಯವಸ್ಥೆಯಿಂದ ತನ್ನ ಮಾಲೀಕ ಸಬಾದೆಲ್ ಬ್ಯಾಂಕಿನ ಹೊಸ ವ್ಯವಸ್ಥೆಗೆ ಒಂದೇ ಏಟಿಗೆ ಸಾಗಿಸಿದರು. ಡೇಟಾ ಸರಿಯಾಗಿಯೇ ಹೋಯ್ತು, ಅಂದರೆ ಎಕ್ಸೆಲ್ ಶೀಟಿನ ಪ್ರಕಾರ ಸಕ್ಸಸ್. ಬಾಗಿಲು ತೆರೆದ ಮೇಲೆ 19 ಲಕ್ಷದವರೆಗೆ ಗ್ರಾಹಕರು ತಮ್ಮ ಖಾತೆ ನೋಡೋಕಾಗದೆ ಹೊರಗೆ ಉಳಿದರು. ಕೆಲವರಿಗೆ ಬೇರೆಯವರ ಖಾತೆಯ ವಿವರ ಕಂಡಿತು. ವ್ಯವಹಾರ ಮಾಮೂಲಿ ಸ್ಥಿತಿಗೆ ಬರೋ ಹೊತ್ತಿಗೆ ಡಿಸೆಂಬರ್. ಆಮೇಲೆ ನಡೆದ ತನಿಖೆಯಲ್ಲಿ ಗೊತ್ತಾದದ್ದು ಏನು ಅಂದರೆ, ಹೊಸ ವ್ಯವಸ್ಥೆಗೆ ಡೇಟಾ ಸೆಂಟರ್ ಎರಡಿದ್ದವು, ಲೋಡ್ ಪರೀಕ್ಷೆ ಮಾಡಿದ್ದು ಒಂದರಲ್ಲೇ! ಹಂತ ಹಂತವಾಗಿ ಹೋಗೋ ಬದಲು ಒಂದೇ ಸಲ ಎಲ್ಲಾ ಸಾಗಿಸಿದ್ದನ್ನೂ ವರದಿ ತರಾಟೆಗೆ ತಗೊಂಡಿತು.

ಅಲ್ಲಿ ಮುಂದೆ ಆದದ್ದು ನನಗೆ ಮುಖ್ಯ. ಸಿಇಒ ಆ ಸೆಪ್ಟೆಂಬರ್‌ನಲ್ಲಿ ಕುರ್ಚಿ ಬಿಟ್ಟರು. 2022ರ ಡಿಸೆಂಬರ್‌ನಲ್ಲಿ ನಿಯಂತ್ರಕರು ಬ್ಯಾಂಕಿಗೆ 4.86 ಕೋಟಿ ಪೌಂಡ್ ದಂಡ ಹಾಕಿದರು. ಗ್ರಾಹಕರಿಗೆ ಅದಾಗಲೇ 3.27 ಕೋಟಿ ಪೌಂಡ್ ಪರಿಹಾರ ಹೋಗಿತ್ತು. 2023ರಲ್ಲಿ ಆಗಿನ ಸಿಐಒ ಮೇಲೂ ವೈಯಕ್ತಿಕವಾಗಿ 81,620 ಪೌಂಡ್ ದಂಡ ಬಿತ್ತು. ಕಾರಣ ಏನು ಗೊತ್ತಾ? ಹೊರಗುತ್ತಿಗೆಯ ಸಂಸ್ಥೆ 'ನಾವು ರೆಡಿ' ಅಂದದ್ದನ್ನ ಸರಿಯಾಗಿ ಪರೀಕ್ಷಿಸಿ ನೋಡಲಿಲ್ಲ ಅಂತ. ವೆಂಡರ್ ಮಾತು ನಂಬಿದ್ದಕ್ಕೆ ಜೇಬಿಂದ ದಂಡ. ಇಲ್ಲಿ ಗೇಟಿನ ಕಾಂಟ್ರ್ಯಾಕ್ಟ್ ಕೆಲಸಗಾರನ ಜೇಬಿಂದ ಹೋಯ್ತು. ಮೈಗ್ರೇಶನ್ ಮುಗಿಸಿದವರಿಗೆ ಅದೇ ತಿಂಗಳು ಮೈಲ್‌ಸ್ಟೋನ್ ಪೇಮೆಂಟ್ ಆಯ್ತು, ಯಾಕಂದರೆ ಕಾಂಟ್ರ್ಯಾಕ್ಟಿನಲ್ಲಿ ಬರೆದಿದ್ದು 'ಗೋ ಲೈವ್ ಆದ ದಿನ' ಅಂತ. ಗೋ ಲೈವ್ ಆದ ಒಂದು ಪೂರ್ತಿ ಪೇರೋಲ್ ಮುಗಿದ ಮೇಲೆ ಅಂತ ಬರೆದಿದ್ದರೆ ಆ ಗೇಟ್ ಮೆಶಿನ್ ನೆನಪಾಗದೆ ಇರ್ತಿತ್ತಾ?

ಹಾಗಾದರೆ ಹಳೇದನ್ನೇ ಇಟ್ಟುಕೊಳ್ಳೋಣ, ಓಡ್ತಿದೆಯಲ್ಲ, ಮುಟ್ಟೋದು ಯಾಕೆ ಅನ್ನೋ ಪಂಥ ಒಂದಿದೆ. ನಾನು ಆ ಕಡೆಯವನೂ ಅಲ್ಲ. ಸೆಂಟ್‌ಒಎಸ್ 6ಕ್ಕೆ ಪ್ಯಾಚ್ ನಿಂತದ್ದು 2020ರ ನವೆಂಬರ್ 30ಕ್ಕೆ, 7ಕ್ಕೆ 2024ರ ಜೂನ್ 30ಕ್ಕೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಜಗತ್ತಿನಾದ್ಯಂತ ಕಂಪ್ಯೂಟರುಗಳಿಗೆ ಬೀಗ ಹಾಕಿದ್ದು ಹಳೇ ಎಸ್‌ಎಂಬಿ 1ರ ಒಂದು ತೂತಿನಿಂದ. ಹೋಗಲೇಬೇಕು. ಕೆಲವೊಮ್ಮೆ ನಮಗೆ ಇಷ್ಟ ಇಲ್ಲದಿದ್ದರೂ ನೂಕ್ತಾರೆ. ಸೆಂಟ್‌ಒಎಸ್ 8ಕ್ಕೆ 2029ರವರೆಗೆ ಬೆಂಬಲ ಇದೆ ಅಂತ ನಂಬಿಕೊಂಡಿದ್ದೆವು. 2020ರ ಡಿಸೆಂಬರ್‌ನಲ್ಲಿ ಒಂದು ದಿನ, ಮುಂದಿನ ವರ್ಷದ ಕೊನೆಗೇ ನಿಲ್ಲಿಸ್ತೀವಿ ಅಂದುಬಿಟ್ಟರು. ಇಂಥ ಕಾಲದಲ್ಲಿ ಮೈಗ್ರೇಶನ್ ಅನ್ನೋದು ಜೀವನದಲ್ಲಿ ಒಮ್ಮೆ ಆಗೋ ಮದುವೆ ಅಲ್ಲ, ಐದಾರು ವರ್ಷಕ್ಕೊಮ್ಮೆ ಹೆಂಚು ತಿರುವಿ ಹಾಕೋ ಕೆಲಸ. ಅದಕ್ಕೇ ಅದನ್ನ ಸರಿಯಾಗಿ ಕಲಿಯಬೇಕು ಅನ್ನೋದು.

'ಕ್ಲೌಡ್‌ಗೆ ಹಾಕಿದರೆ ಈ ತಲೆನೋವೇ ಇಲ್ಲ' ಅನ್ನೋರದು ಇನ್ನೊಂದು ಪಂಥ, ಇವರ ಹತ್ತಿರ ಸ್ಲೈಡ್‌ಗಳು ಜಾಸ್ತಿ. ಆ ಗೇಟ್ ಮೆಶಿನ್‌ಗೆ ಹೊಸ ಐಪಿ ಸ್ಟೋರ್ ರೂಮಿನದಾದರೇನು, ಮುಂಬೈ ಡೇಟಾ ಸೆಂಟರಿನದಾದರೇನು? ಅದು ಟಿಎಲ್‌ಎಸ್ 1.0 ಬಿಟ್ಟು ಬೇರೆ ಭಾಷೆ ಮಾತಾಡದ ಯಂತ್ರ ಆಗಿದ್ದರೆ ಕ್ಲೌಡ್ ಅದನ್ನ ಬಾಗಿಲಲ್ಲೇ ವಾಪಸ್ ಕಳಿಸುತ್ತೆ. ನಂಬರ್ ಬದಲು ಹೆಸರು ಕೊಡಿ, ಅದೂ ಕೆಲಸದ ಹೆಸರು. ಫೈಲ್‌ಗೆ ಒಂದು, ಟೈಮ್‌ಗೆ ಒಂದು, ಹಾಜರಿಗೆ ಒಂದು. ಯಂತ್ರಕ್ಕೆ ಭೀಮ, ಹನುಮ ಅಂತ ಹೆಸರಿಟ್ಟು ಎಲ್ಲರ ಕಂಪ್ಯೂಟರಿನಲ್ಲೂ ಭೀಮ ಅಂತಲೇ ಬರೆಸಿರ್ತಾರೆ. ಭೀಮ ಗುಜರಿಗೆ ಹೋದ ಮೇಲೂ ಹೊಸ ಯಂತ್ರ ಹತ್ತು ವರ್ಷ ಭೀಮನ ವೇಷ ಹಾಕಿಕೊಂಡು ಕುಣೀಬೇಕು.

ನಮ್ಮ ಟೀಮಿನಲ್ಲಿ ಈಗ ಎಸ್ಟಿಮೇಟ್‌ನ ಮೊದಲ ಸಾಲೇ ಹೀಗಿರುತ್ತೆ: ಹಳೇ ಸರ್ವರ್ ಆಲಿಸುವುದು, 30 ದಿನ. ಎರಡನೇ ಸಾಲು, ಅದನ್ನ ಈಗ ನೋಡಿಕೊಳ್ತಿರೋರ ಜೊತೆ ಮಾತು, 5 ದಿನ, ಅವರಿಗೆ ಸಂಬಳ ಸಮೇತ. ಕೊನೆಯ ಸಾಲು, ಹಳೇ ಸರ್ವರ್ ನೆಟ್‌ವರ್ಕ್ ವೈರ್ ತೆಗೆದು ಅಲ್ಲೇ ಇನ್ನೂ 45 ದಿನ ಇಡೋದು, ಫಾರ್ಮ್ಯಾಟ್ ಮಾಡಕೂಡದು. ಈ ಮೂರು ಸಾಲನ್ನ ಪರ್ಚೇಸ್‌ನವರು ಮೊದಲು ಹೊಡೆದು ಹಾಕ್ತಾರೆ. ಹಿಂದಿನ ವರ್ಷ ಎರಡು ಕೆಲಸ ನಮ್ಮ ಕೈ ತಪ್ಪಿದ್ದು ಇದೇ ಕಾರಣಕ್ಕೆ, ನಮಗಿಂತ ಕಡಿಮೆಗೆ 'ಒಂದು ವೀಕೆಂಡ್‌ನಲ್ಲಿ ಮುಗಿಸ್ತೀವಿ' ಅಂದವರಿಗೆ ಹೋದವು. ಅದರಲ್ಲಿ ಒಂದು ಕಡೆಯಿಂದ ಹೋದ ವಾರ ಫೋನ್ ಬಂದಿತ್ತು, ವೇಬ್ರಿಡ್ಜ್ ಚೀಟಿ ಪ್ರಿಂಟ್ ಆಗ್ತಿಲ್ಲವಂತೆ, ಲಾರಿಗಳು ಗೇಟಿನಲ್ಲಿ ಸಾಲಾಗಿ ನಿಂತಿವೆಯಂತೆ. ಹಳೇ ಸರ್ವರ್ ಎಲ್ಲಿ ಅಂತ ಕೇಳಿದೆ. ಗುಜರಿಯವನು ಶನಿವಾರವೇ ತಗೊಂಡು ಹೋದ ಅಂದರು. ನೋಡ್ಕೊಳ್ತಿದ್ದವರು? ಅವರು ಬಿಟ್ಟು ಎರಡು ತಿಂಗಳಾಯ್ತು ಅಂದರು. ಅವರ ನಂಬರ್ ಹುಡುಕಿ ಮೊದಲು ಅವರಿಗೆ ಫೋನ್ ಮಾಡಿ, ಬಂದು ಹೋಗೋ ಖರ್ಚು ಕೊಡಿ ಅಂತ ಹೇಳಿ ಇಟ್ಟೆ.